ಮನೆಯ ಧ್ವನಿವ್ಯವಸ್ಥೆ: ಮಧ್ಯಮ ದರ್ಜೆಗೂ ಮೇಲ್ದರ್ಜೆಗೂ ಇರುವ ಅಂತರ

ಧ್ವನಿಮುದ್ರಿತ ಹಾಡನ್ನು ಮನೆಯಲ್ಲಿ ಕೇಳಲು ಒಂದರ ಹಿಂದೊಂದು ಜೋಡಿಸಿದ ಉಪಕರಣಗಳ ಸಾಲೇ ಮನೆಯ ಧ್ವನಿವ್ಯವಸ್ಥೆ. ಹಾಡಿನ ಮೂಲ (ಮೊಬೈಲು, ಸಿ.ಡಿ. ಪ್ಲೇಯರ್, ರೆಕಾರ್ಡ್ ಪ್ಲೇಯರ್), ಡಿಜಿಟಲ್ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್, ಆ ಅಲೆಗೆ ಬಲ ತುಂಬುವ ಆಂಪ್ಲಿಫೈಯರ್, ಕೊನೆಗೆ ಗಾಳಿಯನ್ನು ಅಲುಗಿಸುವ ಸ್ಪೀಕರ್, ಇವು ಅದರ ನಾಲ್ಕು ಅಂಗಗಳು. ಐದನೆಯದು ಕೋಣೆ. ಅಂಗಡಿಯ ಬಿಲ್ಲಿನಲ್ಲಿ ಅದು ಕಾಣಿಸದ ಕಾರಣ ಕೊಳ್ಳುವವರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಧ್ಯಮ ದರ್ಜೆಗೂ ಮೇಲ್ದರ್ಜೆಗೂ ಇರುವ ಅಂತರ ಈ ಐದರಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಬಹುಪಾಲು ಸ್ಪೀಕರಿನಲ್ಲೂ ಕೋಣೆಯಲ್ಲೂ ಇದೆ; ಡ್ಯಾಕಿನಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಮುಂದಿಟ್ಟುಕೊಂಡು ಈ ಲೇಖನ ಆ ಅಂತರವನ್ನು ನೋಡುತ್ತದೆ. ಈ ಸೀಮೆಯನ್ನೇ ಆರಿಸಲು ಕಾರಣವಿದೆ: ಕಂಸಾಳೆಯನ್ನೂ ತಂಬೂರಿಯನ್ನೂ ಮೈಕಿಲ್ಲದೆ ಎದುರು ಕೂತು ಕೇಳಿದ ಕಿವಿಗಳು ಇಲ್ಲಿ ಇನ್ನೂ ಇವೆ.

ಹೆಸರಿನ ಹಿನ್ನೆಲೆ

'ಹೈ-ಫೈ' ಎಂಬ ಮಾತಿಗೆ ಒಂದು ಕಾಲದಲ್ಲಿ ಅಧಿಕೃತ ಅರ್ಥವಿತ್ತು. ಜರ್ಮನಿಯ ಡಿ.ಐ.ಎನ್. 45500 ಮಾನಕ ಯಾವ ಯಂತ್ರಕ್ಕೆ ಆ ಹೆಸರು ಸಲ್ಲಬೇಕೆಂದು ಅಂಕಿ ಕೊಟ್ಟು ಹೇಳುತ್ತಿತ್ತು. ಆಂಪ್ಲಿಫೈಯರಿನ ವಿಕೃತಿ ಶೇ. 1ರ ಒಳಗಿದ್ದರೆ ಸಾಕು ಎನ್ನುವಷ್ಟು ಅದು ಸಡಿಲವಾಗಿತ್ತು. ಇಂದು ಕೆಲವೇ ಸಾವಿರ ರೂಪಾಯಿಯ ಆಂಪ್ಲಿಫೈಯರ್ ಆ ಗಡಿಯನ್ನು ಲೀಲಾಜಾಲವಾಗಿ ದಾಟುತ್ತದೆ. 'ಹೈ-ಎಂಡ್' ಅಥವಾ ಮೇಲ್ದರ್ಜೆ ಎಂಬುದಕ್ಕಾದರೋ ಅಂಥ ಮುದ್ರೆ ಎಂದೂ ಇರಲಿಲ್ಲ. ಅಮೆರಿಕದ ಹ್ಯಾರಿ ಪಿಯರ್ಸನ್ 1973ರಲ್ಲಿ 'ದಿ ಆಬ್ಸಲ್ಯೂಟ್ ಸೌಂಡ್' ಪತ್ರಿಕೆ ಆರಂಭಿಸಿದಾಗ ಆ ಮಾತಿಗೆ ಬಲ ಬಂತು. ಮೈಕಿಲ್ಲದೆ, ನಿಜವಾದ ಜಾಗದಲ್ಲಿ ನುಡಿಸಿದ ವಾದ್ಯದ ನಾದವೇ ಒರೆಗಲ್ಲು. ಯಂತ್ರ ಅದಕ್ಕೆ ಎಷ್ಟು ಹತ್ತಿರ ಬರುತ್ತದೆಂಬುದೇ ಅದರ ಬೆಲೆ ಎನ್ನುವುದು ಅವರ ವಾದ. ಈ ವಾದಕ್ಕೆ ಒಂದು ತೊಡಕಿದೆ. ಒರೆಗಲ್ಲನ್ನು ಕೇಳಿಯೇ ಇಲ್ಲದವರು ಯಾವುದಕ್ಕೆ ಹೋಲಿಸಬೇಕು? ನಗರದ ಕೇಳುಗರಲ್ಲಿ ಹೆಚ್ಚಿನವರು ಕಚೇರಿಯನ್ನೂ ಮೈಕಿನ ಮೂಲಕವೇ ಕೇಳಿದವರು.

ಕಂಸಾಳೆಯ ಒರೆಗಲ್ಲು

ಮಲೆ ಮಹದೇಶ್ವರ ಬೆಟ್ಟ ಹನೂರು ತಾಲ್ಲೂಕಿನಲ್ಲಿದೆ. ಮಾದಪ್ಪನೆಂದೇ ಕರೆಯುವ ಆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರ ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ; ಈ ಜೋಡಿಯೇ ಕಂಸಾಳೆ. ಎರಡೂ ತಾಗಿದ ಗಳಿಗೆಯಲ್ಲಿ ಏಳುವ ಸದ್ದು ಯಂತ್ರಕ್ಕೆ ಬಹಳ ಕಷ್ಟದ ಪರೀಕ್ಷೆ. ಮೊದಲು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನ ಚೂಪಾದ ಪೆಟ್ಟು. ಅದರ ಬೆನ್ನಿಗೇ ಕಂಚಿನ ಗುಂಗು. ಆ ಗುಂಗಿನಲ್ಲಿ ಒಂದಕ್ಕೊಂದು ಸರಳ ಲೆಕ್ಕದಲ್ಲಿ ಹೊಂದದ ಹತ್ತಾರು ಕಂಪನಗಳಿದ್ದು, ಅವು ಬೇರೆ ಬೇರೆ ವೇಗದಲ್ಲಿ ಆರುತ್ತವೆ. ಸಾಧಾರಣ ಸೆಟ್ಟಿನಲ್ಲಿ ಇವೆಲ್ಲ ಸೇರಿ 'ಛಿಲ್' ಎಂಬ ಒಂದೇ ಸದ್ದಾಗಿಬಿಡುತ್ತವೆ, ತಟ್ಟೆ ಬಿದ್ದ ಹಾಗೆ. ಒಳ್ಳೆಯ ಮಧ್ಯಮ ದರ್ಜೆಯದರಲ್ಲಿ ಪೆಟ್ಟು ಬೇರೆ, ಗುಂಗು ಬೇರೆ ಎಂದು ತಿಳಿಯುತ್ತದೆ. ಮೇಲ್ದರ್ಜೆಯದರಲ್ಲಿ ಎರಡು ಜೋಡಿ ಕಂಸಾಳೆಗಳಿದ್ದರೆ ಯಾವುದು ದಪ್ಪ ಕಂಚು, ಯಾವುದು ತೆಳುವು ಎಂದು ಹೇಳಬಹುದು. ಅಂತರವೆಂದರೆ ಇದೇ.

ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುವಾಗ ತಂಬೂರಿ, ಡಕ್ಕೆ, ಗಗ್ಗರ, ತಾಳ ಒಟ್ಟಿಗೆ ನುಡಿಯುತ್ತವೆ. ಮುಖ್ಯ ಗಾಯಕನ ಸಾಲು ಮುಗಿಯುವ ಮುನ್ನವೇ ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಇಲ್ಲಿ ಪರೀಕ್ಷೆ ಬೇರೆ: ಆ ಮಂದಿಯಲ್ಲಿ ಒಬ್ಬೊಬ್ಬರ ಗಂಟಲೂ ಬೇರೆಯಾಗಿ ಕೇಳಬೇಕು, ತಂಬೂರಿ ಅವರ ಕೆಳಗೆ ಹರಿಯುತ್ತಲೇ ಇರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಹಾಡಿನ ಗುಂಪುದನಿಗೂ ಇದೇ ಮಾತು ಸಲ್ಲುತ್ತದೆ. ತಗ್ಗು ಸ್ವರದ ಪರೀಕ್ಷೆಗೆ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟನ್ ನೆಲೆಗೆ ಹೋಗಬೇಕು. ಬೌದ್ಧ ಪೂಜೆಯಲ್ಲಿ ಊದುವ ಆಳುದ್ದ ಮೀರಿದ ಕಹಳೆಯ ದನಿ ಕಿವಿಗಿಂತ ಮೊದಲು ಎದೆಗೂಡಿಗೆ ಮುಟ್ಟುತ್ತದೆ. ಅದನ್ನು ಹಾಗೆಯೇ ಮನೆಯಲ್ಲಿ ಮುಟ್ಟಿಸಬಲ್ಲ ಸ್ಪೀಕರ್ ಅಗ್ಗಕ್ಕೆ ಸಿಗದು. ಏಕೆ ಸಿಗದೆಂಬುದು ಮುಂದೆ ಬರುತ್ತದೆ.

ಅರಮನೆಯ ಸಂಗ್ರಹ

ಕನ್ನಡ ನಾಡಿನಲ್ಲಿ ಮೇಲ್ದರ್ಜೆಯ ಶ್ರವಣಕ್ಕೆ ಬಹಳ ಹಿಂದಿನ, ಬಹಳ ದೊಡ್ಡ ಉದಾಹರಣೆ ಮೈಸೂರು ಅರಮನೆಯದು. ಜಯಚಾಮರಾಜ ಒಡೆಯರ್ (1919–1974) ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಆಳವಾಗಿ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಲಂಡನ್ನಿನಲ್ಲಿ ಮರೆವಿಗೆ ಸಂದಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್‌ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಮೆಟ್‌ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಎಚ್.ಎಂ.ವಿ. ಬಳಗದ ಪ್ರಸಿದ್ಧ ನಿರ್ಮಾಪಕ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದು, ಅರಮನೆಯ ರೆಕಾರ್ಡುಗಳ ಭಂಡಾರವನ್ನೂ ಬಗೆಬಗೆಯ ಸ್ಪೀಕರುಗಳನ್ನೂ ಕಂಡು ಬೆರಗಾಗಿದ್ದರು. ಒಂದಲ್ಲ, ಹಲವು ಸ್ಪೀಕರು! ಯಾವುದು ನಿಜಕ್ಕೆ ಹತ್ತಿರವೆಂದು ಹೋಲಿಸಿ ಕೇಳುವ ಚಟ ಅರಸರನ್ನೂ ಬಿಟ್ಟಿರಲಿಲ್ಲವೆಂದು ತೋರುತ್ತದೆ.

ಆಗ ಯಳಂದೂರು ಅವರದೇ ಸಂಸ್ಥಾನದೊಳಗಿತ್ತು. ಪಕ್ಕದ ಕೊಳ್ಳೇಗಾಲವಾದರೋ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ 'ಆಕಾಶವಾಣಿ'ಯ ಅಲೆಗಳು ಮಾತ್ರ ಈ ಗಡಿಗೆ ಕಟ್ಟುಬಿದ್ದಿರಲಿಲ್ಲ. ಉಪಕರಣದ ಮಾತು ಬಂದಾಗ ಬೆಂಗಳೂರಿನ ಬಿ.ಇ.ಎಲ್. ಅನ್ನು ನೆನೆಯಬೇಕು. 1961ರಿಂದ ಅಲ್ಲಿ ತಯಾರಾದ ರೇಡಿಯೊ ವಾಲ್ವುಗಳನ್ನು ಇಂದಿಗೂ ಟ್ಯೂಬ್ ಆಂಪ್ಲಿಫೈಯರ್ ಹುಚ್ಚಿನವರು ಹುಡುಕಿ ಕೊಳ್ಳುತ್ತಾರೆ. ಅನಂತರದ ಕಾಲದಲ್ಲಿ ಸಣ್ಣ ಊರುಗಳ ರೇಡಿಯೊ ರಿಪೇರಿಯವರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಐ.ಸಿ., ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದ 'ಅಸೆಂಬಲ್' ಆಂಪ್ಲಿಗಳೂ, ಪ್ಲೈವುಡ್ಡಿನ ಸೌಂಡ್ ಬಾಕ್ಸುಗಳೂ ನಮ್ಮ ಸೀಮೆಯ ಮನೆಗಳ ನಿಜವಾದ ಧ್ವನಿ ಇತಿಹಾಸ. ಅವನ್ನು ಕೀಳುಗಳೆಯುವುದು ಸರಿಯಲ್ಲ. 2ಎನ್3055 ಟ್ರಾನ್ಸಿಸ್ಟರ್ ಹಾಕಿ, ದಪ್ಪ ಟ್ರಾನ್ಸ್‌ಫಾರ್ಮರ್ ಕೂರಿಸಿ ಕಟ್ಟಿದ ಆಂಪ್ಲಿ ಎಷ್ಟೋ ಬ್ರ್ಯಾಂಡಿನ ಮಾಲಿಗಿಂತ ಪ್ರಾಮಾಣಿಕವಾಗಿರುತ್ತಿತ್ತು.

ವಾಟ್ಸಿನ ಲೆಕ್ಕ

ಪ್ರಾಮಾಣಿಕತೆಯ ಮಾತೇಕೆಂದರೆ, ಈ ವ್ಯಾಪಾರದಲ್ಲಿ ಸುಳ್ಳು ಮೊದಲು ಹೊಕ್ಕಿದ್ದು ವಾಟ್ಸಿನ ಬಾಗಿಲಿಂದ. ಡಬ್ಬದ ಮೇಲೆ '5000 ವಾಟ್ಸ್ ಪಿ.ಎಂ.ಪಿ.ಒ.' ಎಂದು ಅಚ್ಚು ಹಾಕಿದ ಸೆಟ್ಟನ್ನು ಹಿಂದಕ್ಕೆ ತಿರುಗಿಸಿ ನೋಡಿದರೆ, ಅದು ಗೋಡೆಯಿಂದ ಎಳೆಯುವುದೇ 50–60 ವಾಟ್ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ಎಳೆದದ್ದಕ್ಕಿಂತ ಹೆಚ್ಚನ್ನು ನಿರಂತರವಾಗಿ ಕೊಡುವ ಯಂತ್ರ ಲೋಕದಲ್ಲಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದದ್ದು ನಿರಂತರವಾಗಿ ಕೊಡುವ ಆರ್.ಎಂ.ಎಸ್. ವಾಟ್ ಮಾತ್ರ.

ಅದೂ ತನ್ನಷ್ಟಕ್ಕೆ ಹೆಚ್ಚೇನೂ ಹೇಳದು. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್. ಕಿವಿಗೆ ಎರಡು ಪಟ್ಟೆನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. 1 ವಾಟಿಗೆ 1 ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುವ ಸಾಮಾನ್ಯ ಸ್ಪೀಕರಿನಲ್ಲಿ ಸಂಜೆಯ ಹಾಡು ಕೇಳಲು 1 ವಾಟೂ ಖರ್ಚಾಗುವುದಿಲ್ಲ. ಮತ್ತೆ ನೂರು ವಾಟ್ ಯಾಕೆ? ಕಂಸಾಳೆಯ ಆ ಪೆಟ್ಟಿಗಾಗಿ. ಹಾಡಿನ ಸರಾಸರಿಗಿಂತ 20 ಡೆಸಿಬಲ್ ಮೇಲೇಳುವ ಒಂದು ಪೆಟ್ಟಿಗೆ ಆ ಕ್ಷಣದಲ್ಲಿ ನೂರು ಪಟ್ಟು ಶಕ್ತಿ ಬೇಕು. ಅದಿಲ್ಲದ ಆಂಪ್ಲಿ ಅಲೆಯ ತಲೆ ಕತ್ತರಿಸುತ್ತದೆ. ಕೇಳುಗನಿಗೆ ಅದು ಕರ್ಕಶವಾಗಿ ತಿಳಿಯುತ್ತದೆ. ಮಧ್ಯಮ ದರ್ಜೆಯ ಒಳ್ಳೆಯ ಆಂಪ್ಲಿಯಲ್ಲಿ ಈ ಮೀಸಲು ಸಾಮಾನ್ಯ ಸ್ಪೀಕರಿಗೆ, ಸಾಮಾನ್ಯ ಕೋಣೆಗೆ ಸಾಕಷ್ಟಿರುತ್ತದೆ. ಮೇಲ್ದರ್ಜೆಯ ಭಾರಿ ಆಂಪ್ಲಿ ಬೇಕಾಗುವುದು ಸ್ಪೀಕರ್ ಹಟಮಾರಿಯಾದಾಗ.

ಸ್ಪೀಕರ್

ಹಣ ನಿಜವಾಗಿ ಮಾತಾಡುವ ಜಾಗ ಇದು. ಎರಡು ಕಡೆ ನೋಡಿದರೆ ಸಾಕು.

ಒಂದು, ತಗ್ಗು ಸ್ವರ. ಅದೇ ಎತ್ತರದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ವೂಫರಿನ (ತಗ್ಗು ಸ್ವರದ ಯೂನಿಟ್ಟಿನ) ಕೋನು ನಾಲ್ಕು ಪಟ್ಟು ದೂರ ಓಡಾಡಬೇಕು. 80 ಹರ್ಟ್ಸಿನಲ್ಲಿ 2 ಮಿಲಿಮೀಟರ್ ಆಡುವ ಕೋನು 40ರಲ್ಲಿ 8, 20ರಲ್ಲಿ 32 ಮಿಲಿಮೀಟರ್ ಆಡಬೇಕಾಗುತ್ತದೆ. ಆಡಲಾಗದಿದ್ದರೆ ಕೋನು ದೊಡ್ಡದಾಗಬೇಕು, ಇಲ್ಲವೇ ಸಂಖ್ಯೆ ಹೆಚ್ಚಬೇಕು. ಪೆಟ್ಟಿಗೆಯೂ ಹಿಗ್ಗಬೇಕು, ಅದರ ಗೋಡೆ ತಾನೇ ಹಾಡದಂತೆ ಒಳಗೆ ಅಡ್ಡಪಟ್ಟಿ ಬಿಗಿದು ಭಾರ ಮಾಡಬೇಕು. ಸ್ಪೀಕರ್ ತಯಾರಿಸುವ ಕೆ.ಎಲ್.ಎಚ್. ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ನರ ಹೆಸರಿನಲ್ಲಿ ಒಂದು ಕಟ್ಟಳೆಯಿದೆ: ಚಿಕ್ಕ ಪೆಟ್ಟಿಗೆ, ಆಳದ ಬಾಸ್, ಕಡಿಮೆ ವಾಟಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಟಿಬೆಟನ್ ಕಹಳೆ ಅಗ್ಗಕ್ಕೆ ದಕ್ಕದಿರುವುದು ಇದರಿಂದ. ಚಿಕ್ಕ ಹೋಮ್ ಥಿಯೇಟರುಗಳು 60–100 ಹರ್ಟ್ಸಿನ ಸುತ್ತ ಸದ್ದನ್ನು ಉಬ್ಬಿಸಿ 'ಬಾಸ್ ಇದೆ' ಎಂಬ ಭ್ರಮೆ ಹುಟ್ಟಿಸುತ್ತವೆ. ಅಂಥವುಗಳಲ್ಲಿ ಡಕ್ಕೆಯೂ ಡೋಲೂ ತಮಟೆಯೂ ಒಂದೇ 'ಧಂ'.

ಎರಡು, ಸದ್ದನ್ನು ವೂಫರ್ ಬಿಟ್ಟು ಮೇಲಿನ ಸ್ವರದ ಟ್ವೀಟರ್ ಹಿಡಿಯುವ ತಾವು. ಸಾಮಾನ್ಯ ಎರಡು ಯೂನಿಟ್ಟಿನ ಸ್ಪೀಕರಿನಲ್ಲಿ ಅದು 2–3 ಕಿಲೋಹರ್ಟ್ಸ್ ಸುಮಾರಿನಲ್ಲಿರುತ್ತದೆ. ಮನುಷ್ಯನ ಕಿವಿ ಬಹಳ ಚುರುಕಾಗಿರುವುದೂ ಅಲ್ಲಿಯೇ. 2 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್, ಆರೂವರೆ ಇಂಚಿನ ವೂಫರಿನ ಅಗಲದಷ್ಟೇ. ಆ ಮಟ್ಟಕ್ಕೆ ಬರುವಾಗ ವೂಫರು ಸದ್ದನ್ನು ಟಾರ್ಚಿನ ಬೆಳಕಿನಂತೆ ನೇರಕ್ಕಷ್ಟೇ ಚೆಲ್ಲುತ್ತದೆ; ಒಂದು ಇಂಚಿನ ಟ್ವೀಟರ್ ಕೈಗೆತ್ತಿಕೊಂಡೊಡನೆ ಅದೇ ಸದ್ದು ಲಾಂದ್ರದ ಬೆಳಕಿನಂತೆ ಸುತ್ತಲೂ ಹರಡುತ್ತದೆ. ಕೋಣೆಯ ಗೋಡೆಗೆ ಬಡಿದು ಬರುವ ಪ್ರತಿಧ್ವನಿಯ ಬಣ್ಣ ಇಲ್ಲಿ ಹಠಾತ್ತನೆ ಬದಲಾಗುತ್ತದೆ. ಹಾಗಾಗಿ ಗಾಯಕ ಒಂದು ಕಡೆ, ಅವನ ಕೈಯ ಕಂಸಾಳೆ ಇನ್ನೊಂದು ಕಡೆ ಇದ್ದಂತೆ ತೋರುತ್ತದೆ. ನಡುವೆ ಮೂರನೆಯ ಯೂನಿಟ್ಟು ಕೂರಿಸುವುದು, ಟ್ವೀಟರಿಗೆ ಅಳತೆಯ ತಗ್ಗು ಕೊರೆಯುವುದು, ಎಡಬಲದ ಜೋಡಿಯನ್ನು ಅರ್ಧ ಡೆಸಿಬಲಿನೊಳಗೆ ಹೊಂದಿಸುವುದು ಮೇಲ್ದರ್ಜೆಯವರ ಕೆಲಸ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ನಡೆಸಿದ ಪರೀಕ್ಷೆಗಳಲ್ಲಿ, ಸ್ಪೀಕರನ್ನು ತೆರೆಯ ಹಿಂದಿಟ್ಟು ಕೇಳಿಸಿದಾಗ ಜನ ಮೆಚ್ಚಿದ್ದು ಎದುರಿಗೂ ಪಕ್ಕಕ್ಕೂ ಏರುಪೇರಿಲ್ಲದ ಸದ್ದು ಚೆಲ್ಲುವಂಥವನ್ನೇ. ತೆರೆ ಸರಿಸಿದರೆ ಅವರ ಅಂಕ ಬದಲಾಗುತ್ತಿತ್ತು: 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಪ್ರಕಟಿಸಿದ ಅಧ್ಯಯನದ ಸಾರ ಇದು. ಕಣ್ಣು ಕಿವಿಯ ಬದಲು ಮತ ಹಾಕುತ್ತದೆ.

ಗಂಡುದನಿಯದೂ ಒಂದು ಪರೀಕ್ಷೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್, ಅಂದರೆ ಡಾ. ರಾಜ್‌ಕುಮಾರ್, ಹೆಸರಿನಲ್ಲೇ ಈ ಸೀಮೆಯ ಊರನ್ನು ಹೊತ್ತವರು. ಅವರ ಕಂಠ ಇಲ್ಲಿಯವರಿಗೆ ಮನೆಯವರದಷ್ಟೇ ಪರಿಚಿತ. ತೆಳು ಹಲಗೆಯ ಪೆಟ್ಟಿಗೆ 150–300 ಹರ್ಟ್ಸಿನಲ್ಲಿ ತಾನೂ ದನಿಗೂಡಿಸಿದರೆ ಆ ಕಂಠ ನೆಗಡಿಯಾದಂತೆ ಕೇಳುತ್ತದೆ. ಯಾವ ಮೀಟರೂ ಬೇಡ, ಅಜ್ಜಿಯೇ ಹೇಳುತ್ತಾರೆ.

ರೇಷ್ಮೆ ಮತ್ತು ಕರಿಕಲ್ಲು

ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದ ಪಟ್ಟಣ. ರೇಷ್ಮೆಗೂ ಸ್ಪೀಕರಿಗೂ ನಂಟಿದೆ. ಬಹಳಷ್ಟು ಒಳ್ಳೆಯ ಟ್ವೀಟರುಗಳ ಗುಮ್ಮಟ ರೇಷ್ಮೆ ಬಟ್ಟೆಯದು. ಅದಕ್ಕೆ ಅಂಟುಲೇಪ ಕೊಟ್ಟು ಅಚ್ಚಿನಲ್ಲಿ ಒತ್ತಿ ಆಕಾರ ತರುತ್ತಾರೆ. ಹಗುರ, ಜೊತೆಗೆ ತನ್ನ ಕಂಪನವನ್ನು ತಾನೇ ನುಂಗಿಕೊಳ್ಳುವ ಗುಣ ಅದಕ್ಕಿದೆ. ಅಲ್ಯೂಮಿನಿಯಂ ಗುಮ್ಮಟ ಗಟ್ಟಿಯಾದರೂ 30 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ಗಂಟೆಯಂತೆ ಮೊಳಗುತ್ತದೆ. ಬೆರಿಲಿಯಂ, ಕೃತಕ ವಜ್ರ ಬಳಸುವ ದುಬಾರಿ ತಯಾರಕರು ಆ ಮೊಳಗನ್ನು ಕಿವಿಗೆ ಸಂಬಂಧವೇ ಇಲ್ಲದಷ್ಟು ಮೇಲಕ್ಕೆ ತಳ್ಳುತ್ತಾರೆ. ಕೊಳ್ಳೇಗಾಲದ ಮಗ್ಗದ ಬಟ್ಟೆಯೇ ಟ್ವೀಟರಿಗೆ ಹೋಗುತ್ತದೆಂದು ಇದರ ಅರ್ಥವಲ್ಲ. ರೇಷ್ಮೆ ಗುಮ್ಮಟದ ಟ್ವೀಟರ್ ಮಧ್ಯಮ ದರ್ಜೆಯಲ್ಲೂ ಸಿಗುತ್ತದೆ, ಅತ್ಯಂತ ದುಬಾರಿ ಸ್ಪೀಕರಿನಲ್ಲೂ ಇರುತ್ತದೆ ಎನ್ನುವುದು ಗಮನಿಸಬೇಕಾದ ಸಂಗತಿ. ಪದಾರ್ಥದ ಹೆಸರು ದರ್ಜೆಯನ್ನು ನಿರ್ಧರಿಸದು.

ಚಾಮರಾಜನಗರ ಜಿಲ್ಲೆಯ ಕರಿಕಲ್ಲು ದೇಶ ದಾಟಿ ಹೋಗುವ ಸರಕು. ಹೊರದೇಶದ ಕೆಲವು ದುಬಾರಿ ರೆಕಾರ್ಡ್ ಪ್ಲೇಯರುಗಳು ಇಂಥ ಗ್ರಾನೈಟ್ ಪೀಠದ ಮೇಲೆ ನಿಲ್ಲುತ್ತವೆ. ಸೂಜಿ ಓದುವ ಗೆರೆಯ ಅಲುಗಾಟ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾಗಿರಬಹುದು. ಮಕ್ಕಳು ಪಕ್ಕದಲ್ಲಿ ಓಡಿದರೂ ಆ ಕಂಪನ ಹಾಡಿನೊಳಗೆ ಸೇರಿಕೊಳ್ಳುತ್ತದೆ. ಭಾರದ ಕಲ್ಲು ಈ ಕಂಪನವನ್ನು ತಡೆಯುತ್ತದೆ. ಬರಿ ಕಲ್ಲು ತಾನೇ ಠಣ್ ಎನ್ನುವುದರಿಂದ ಅಡಿಗೆ ದಪ್ಪ ರಬ್ಬರ್ ಬೇಕು. ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ಕಲ್ಲಿನ ತುಂಡು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಕೋಣೆ ಮತ್ತು ಕರೆಂಟು

ನಾಡಹೆಂಚಿನ ಹಳೆಯ ಮನೆಗಳ ಓರೆ ಸೂರು, ಮಣ್ಣಿನ ಗೋಡೆ, ಅಟ್ಟದ ಸಾಮಾನು ಸದ್ದನ್ನು ಚದುರಿಸಿ ಹೀರುತ್ತಿದ್ದವು. ಇಂದಿನ ಆರ್.ಸಿ.ಸಿ. ಮನೆಯ ಹತ್ತು-ಹನ್ನೆರಡು ಅಡಿಯ ಕೋಣೆಗೆ ನುಣುಪು ಟೈಲ್ಸು, ನಯವಾದ ಗೋಡೆ. ಖಾಲಿ ಇದ್ದರೆ ಅಲ್ಲಿ ಒಂದು ಚಪ್ಪಾಳೆ ಆರಲು, ಸೇಬಿನ್ ಸೂತ್ರದ ಲೆಕ್ಕದಲ್ಲಿ, ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಸಂಗೀತ ಕೇಳುವ ಕೋಣೆಗೆ ಅರ್ಧ ಸೆಕೆಂಡಿನ ಒಳಗಿದ್ದರೆ ಚೆನ್ನ. ಇನ್ನೊಂದು ತೊಂದರೆ ಗೋಡೆಗಳ ನಡುವಿನ ದೂರದ್ದು: ಹನ್ನೆರಡು ಅಡಿಗೆ 47 ಹರ್ಟ್ಸಿನಲ್ಲಿ, ಹತ್ತು ಅಡಿಗೆ 56 ಹರ್ಟ್ಸಿನಲ್ಲಿ ಕೋಣೆ ತಾನೇ ಗುಂಯ್‌ಗುಡುತ್ತದೆ. ಮೂಲೆಯಲ್ಲಿ ಕೂತವರಿಗೆ ಬಾಸ್ ವಿಪರೀತ, ನಡುವೆ ಕೂತವರಿಗೆ ಇಲ್ಲವೇ ಇಲ್ಲ. ಹತ್ತು ಲಕ್ಷದ ಸ್ಪೀಕರನ್ನು ಇಂಥ ಕೋಣೆಯಲ್ಲಿಟ್ಟರೆ ಕೇಳುವುದು ಕೋಣೆಯೇ. ದಪ್ಪ ಪರದೆ, ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ಮೂಲೆಗೆ ಸುತ್ತಿಟ್ಟ ಬೂರುಗದ ಹತ್ತಿಯ ಹಾಸಿಗೆ, ಗೋಡೆಯಿಂದ ಎರಡಡಿ ಮುಂದೆ ತಂದ ಸ್ಪೀಕರ್: ಇಷ್ಟು ಮಾಡಿದ ಮಧ್ಯಮ ದರ್ಜೆಯ ಸೆಟ್ಟು, ಏನೂ ಮಾಡದ ಮೇಲ್ದರ್ಜೆಯದನ್ನು ಸೋಲಿಸುತ್ತದೆ. ಕಂಬಳಿಯನ್ನು ಗೋಡೆಗೆ ಅಂಟಿಸಿ ಹೊದಿಸಿದರೆ ಮೇಲಿನ ಸ್ವರ ಮಾತ್ರ ಅಡಗುತ್ತದೆ. ಗೋಡೆಯಿಂದ ಅಂಗೈಯಗಲ ಬಿಟ್ಟು ಇಳಿಬಿಟ್ಟರೆ ಹೆಚ್ಚು ಕೆಲಸ ಮಾಡುತ್ತದೆ. ಮಗ್ಗದ ಸದ್ದಿರುವ ಬೀದಿಯಲ್ಲಿ ಕಿಟಕಿಯ ಸಂದು ಮುಚ್ಚಿಸುವುದೇ ಮೊದಲ ಖರ್ಚಾಗಲಿ. ಹೊರಗಿನ ಗದ್ದಲ 50 ಡೆಸಿಬಲ್ ಇರುವಾಗ ಹಾಡಿನ ಸಣ್ಣ ಉಸಿರು ಯಾವ ಯಂತ್ರದಲ್ಲೂ ಕೇಳದು.

ಶಿವನಸಮುದ್ರ ಕೊಳ್ಳೇಗಾಲದ ಗಡಿಯಲ್ಲೇ ಇದೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಇಂದು ಮನೆಗೆ ಬರುವ 230 ವೋಲ್ಟು ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ಕುಸಿಯುವುದನ್ನು ಹಳ್ಳಿಯವರೆಲ್ಲ ಬಲ್ಲರು. ಸ್ವಿಚಿಂಗ್ ಮಾದರಿಯ ಪವರ್ ಸಪ್ಲೈ ಇರುವ ಹೊಸ ಡಿ-ವರ್ಗದ ಆಂಪ್ಲಿಗಳು ಈ ಏರಿಳಿತವನ್ನು ತಾಳಿಕೊಳ್ಳುತ್ತವೆ; ದೊಡ್ಡ ಟ್ರಾನ್ಸ್‌ಫಾರ್ಮರಿನ ಹಳೆಯ ಮಾದರಿಗೆ ಸ್ಟೆಬಿಲೈಸರ್ ಬೇಕು. ಅರ್ತಿಂಗ್ ಕೆಟ್ಟಿದ್ದರೆ ಸ್ಪೀಕರಿನಲ್ಲಿ 50 ಹರ್ಟ್ಸಿನ ಹುಂ ಎಂಬ ದನಿ ಬಿಡದು. ಇದ್ದಿಲು, ಉಪ್ಪು ಹಾಕಿ ಗುಂಡಿಯನ್ನು ಸರಿಪಡಿಸಿ ಬೇಸಿಗೆಯಲ್ಲಿ ನೀರುಣಿಸುವುದು ಸಾವಿರಾರು ರೂಪಾಯಿಯ ಪವರ್ ಕೇಬಲ್ಲಿಗಿಂತ ಮೇಲು.

ಕೇಬಲ್, ಡ್ಯಾಕ್, ಮತ್ತು ಬೆಲೆ

ಕೇಬಲ್ಲಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಸಾಕಷ್ಟು ದಪ್ಪದ ತಾಮ್ರದ ತಂತಿ, ಬಿಗಿಯಾದ ಜೋಡಣೆ, ಅಷ್ಟೆ. ಡ್ಯಾಕಿನಲ್ಲೂ ಕಥೆ ಮುಗಿದಿದೆ. 1982ರಲ್ಲಿ ಬಂದ ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಮಾದರಿ 96 ಡೆಸಿಬಲ್ ಅಂತರ ಹಿಡಿಯಬಲ್ಲದು. 2007ರಲ್ಲಿ ಮೇಯರ್ ಮತ್ತು ಮೊರಾನ್ ಹೆಚ್ಚಿನ ಗುಣಮಟ್ಟದ ಡಿಸ್ಕುಗಳ ಸಂಕೇತವನ್ನು ಸಿ.ಡಿ. ಮಟ್ಟಕ್ಕಿಳಿಸಿ ಕೇಳಿಸಿದಾಗ, ಸಾಮಾನ್ಯ ಎತ್ತರದಲ್ಲಿ ಕೇಳುಗರಿಗೆ ವ್ಯತ್ಯಾಸ ಹಿಡಿಯಲಾಗಲಿಲ್ಲ.

ಮೂಲ ಧ್ವನಿಮುದ್ರಣವೇ ಬಡವಾಗಿದ್ದರೆ ಏನು ಮಾಡುವುದು? ನಮ್ಮ ಸೀಮೆಯವರು ಕೇಳುವ ಮಾದಪ್ಪನ ಹಾಡುಗಳಲ್ಲಿ ಬಹಳಷ್ಟು ಕ್ಯಾಸೆಟ್ಟಿನ ಕಾಲದವು. ಅಲ್ಲಿಂದ ಯೂಟ್ಯೂಬಿಗೆ ಏರಿ ಇನ್ನೊಮ್ಮೆ ಹಿಂಡಿಸಿಕೊಂಡಿವೆ. ಮೇಲ್ದರ್ಜೆಯ ಸ್ಪೀಕರ್ ಇವುಗಳ ಹಿಸ್ಸೆನ್ನುವ ಸದ್ದನ್ನೂ ಹರಿದ ತುದಿಗಳನ್ನೂ ಎತ್ತಿ ತೋರಿಸುತ್ತದೆ. ಮಧ್ಯಮ ದರ್ಜೆಯದು ಮುಚ್ಚಿಹಾಕುತ್ತದೆ. ಮುಚ್ಚಿಹಾಕುವುದೂ ಒಂದು ಉಪಕಾರವೇ. ಲಕ್ಷಗಟ್ಟಲೆ ಕೊಟ್ಟು ತಂದ ಮೇಲೆ ತಮ್ಮ ಮೆಚ್ಚಿನ ಹಾಡೇ ಕೇಳಲಾಗದೆ ಬೇಸತ್ತವರು ಉಂಟು.

ಬೆಲೆಯ ಗಡಿಯನ್ನು ಖಚಿತವಾಗಿ ಎಳೆಯುವುದು ಸಾಧ್ಯವಿಲ್ಲ. ಎರಡು ಸ್ಪೀಕರ್, ಒಂದು ಆಂಪ್ಲಿ, ಒಂದು ಮೂಲ ಸೇರಿ ಅರ್ಧ ಲಕ್ಷದಿಂದ ಮೂರು ಲಕ್ಷದವರೆಗೆ ಮಧ್ಯಮ ದರ್ಜೆ, ಹತ್ತು ಲಕ್ಷ ದಾಟಿದ್ದು ಮೇಲ್ದರ್ಜೆ ಎಂದು ವ್ಯವಹಾರದಲ್ಲಿ ಹಿಡಿಯಬಹುದು. ಮೊದಲ ಒಂದು ಲಕ್ಷ ಕೊಡುವ ಸುಧಾರಣೆ ಅನಂತರದ ಐದು ಲಕ್ಷದಲ್ಲಿ ಸಿಗದು. ಹತ್ತು ಲಕ್ಷದಾಚೆ ಹಣದ ದೊಡ್ಡ ಪಾಲು ಮೆರುಗಿಗೆ, ಲೋಹದ ಕೆತ್ತನೆಗೆ, ಹೆಸರಿಗೆ ಹೋಗುತ್ತದೆ. ಹೋಮ್ ಥಿಯೇಟರಿನಲ್ಲಿ ಅದೇ ಹಣ ಐದಾರು ಸ್ಪೀಕರಿಗೆ ಹಂಚಿಹೋಗುವುದರಿಂದ ಹಾಡಿಗೆ ಎರಡು ಸ್ಪೀಕರಿನ ಸ್ಟೀರಿಯೊ ಲೇಸು. ಸಿನಿಮಾಕ್ಕಾದರೆ ಮಾತು ಬೇರೆ.

ಕೊಳ್ಳೇಗಾಲದಿಂದ ಮೈಸೂರಿಗೋ ಬೆಂಗಳೂರಿಗೋ ಹೋಗಿ ಕೊಳ್ಳುವವರು ಕಂಸಾಳೆಯ, ನೀಲಗಾರರ, ರಾಜ್‌ಕುಮಾರರ ಮೂರು ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಎರಡು ಸೆಟ್ಟುಗಳ ಸದ್ದನ್ನು ಒಂದೇ ಎತ್ತರಕ್ಕೆ ಹೊಂದಿಸಿ ಕೇಳಿಸಲು ಹೇಳಿ. ಅರ್ಧ ಡೆಸಿಬಲ್ ಜೋರಾಗಿದ್ದರೂ ಅದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಅಂಗಡಿಯವರು ಹಾಕುವ ಹಾಡನ್ನು ಕೇಳಿ ದುಡ್ಡು ಎಣಿಸಬೇಡಿ.